ಎಡಗಾಲಿನ ತಡ

ನಾಟಕ ಮಂಡಳಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹೆಜ್ಜೆಯಕ್ಕ ಎಂದು. ಹಾಡುತ್ತಾಳೆ, ಕುಣಿಯುತ್ತಾಳೆ, ಪಾತ್ರ ಮಾಡುತ್ತಾಳೆ. ಅಷ್ಟು ಸಾಲದೆಂಬಂತೆ ಉಳಿದವರಿಗೆಲ್ಲ ಕುಣಿತ ಕಟ್ಟಿಕೊಡುವವಳೂ ಅವಳೇ. ಇಂಥವಳಿಗೆ ಒಂದು ದಿನ, ಇನ್ನು ನೀನು ಪಕ್ಕಕ್ಕೆ ನಿಲ್ಲು ಅಂದುಬಿಟ್ಟರು. ಯಾಕಂತೆ? ಕುಂಟುತ್ತಾಳಂತೆ. ಅಲ್ಲ ಸ್ವಾಮಿ, ಆ ಕಾಲು ಮುರಿದದ್ದು ಎಲ್ಲಿ, ಯಾರ ಕೆಲಸ ಮಾಡುವಾಗ ಎಂದು ಒಬ್ಬರಾದರೂ ಕೇಳಬೇಡವೇ?

ಅವಳ ಅಮ್ಮ ಅದೇ ಮಂಡಳಿಯ ದರ್ಜಿ. ಕತ್ತರಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡೇ ಓಡಾಡುವ ಹೆಂಗಸು. ಉಡುಪಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಕೆಳಗೆ, ತುಂಡು ಬಟ್ಟೆಗಳ ರಾಶಿಯಲ್ಲಿ ಮಗಳು ಬೆಳೆದಳು. ಗೋಡೆಯಾಚೆಯಿಂದ ಕೇಳಿಬರುವ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಮೇಳದ ಕೊನೆಯ ಸಾಲಿನಲ್ಲಿ ಶುರುಮಾಡಿ ಮುಂದಿನ ಸಾಲಿಗೆ ಬರುವಷ್ಟರಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ್ದಾಳೆ. ಕುಣಿಯುತ್ತಲೇ ಹಾಡುವುದೆಂದರೆ ಹುಡುಗಾಟವಲ್ಲ. ಬೇಕಿದ್ದರೆ ಮೆಟ್ಟಿಲು ಹತ್ತುತ್ತ ಒಂದು ಹಾಡು ಹೇಳಿ ನೋಡಿ, ಗೊತ್ತಾಗುತ್ತದೆ. ಅವಳು ದಿನಾ ಮಾಡುತ್ತಿದ್ದದ್ದು ಅದನ್ನೇ, ಮೇಲಿನ ಮನೆಯವರು ಬೈದು ಬೈದು ಸುಸ್ತಾಗುವ ತನಕ.

ಕಾಲಿನ ಕತೆ ಹೀಗೆ. ಹಿಂದಿನ ಒಂದು ನಾಟಕದಲ್ಲಿ ಅವಳು ಎತ್ತರದ ಮೆಟ್ಟಿಲುಗಳಿಂದ ಹಾಡುತ್ತ ಇಳಿದು ಬರಬೇಕಿತ್ತು. ಹಲಗೆ ಇನ್ನೂ ಅಲ್ಲಾಡುತ್ತಿದೆ, ಮೊಳೆ ಕೂತಿಲ್ಲ ಎಂದು ಬಡಗಿ ಬಾಯಿಬಿಟ್ಟು ಹೇಳಿದ. ಇವತ್ತೊಂದು ದಿನ ಹೀಗೇ ಆಗಲಿ, ನಾಳೆ ನೋಡೋಣ ಅಂದ ನಿರ್ದೇಶಕ. ಹಲಗೆ ಜಾರಿತು, ಎಡಗಾಲಿನ ಗಿಣ್ಣು ಮುರಿಯಿತು. ಮುರಿದ ಮೆಟ್ಟಿಲ ಮೇಲೇ ಕೂತು, ಹಲ್ಲು ಕಚ್ಚಿಕೊಂಡು ಅವಳು ಹಾಡು ಮುಗಿಸಿದಳು. ಅದೂ ನಾಟಕದ ಭಾಗವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನಿರ್ದೇಶಕ ಆಸ್ಪತ್ರೆಗೆ ಒಂದು ಚೀಲ ಹಣ್ಣು ತಂದುಕೊಟ್ಟು ಕೈತೊಳೆದುಕೊಂಡ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅಂದಿನಿಂದ ಆ ಪಾದ ನೆಲ ಮುಟ್ಟುವುದು ಒಂದು ಚೂರು ತಡವಾಗಿ.

ಆಮೇಲೆ ಬಂದದ್ದು ಸಂತೆಯ ನಾಟಕ. ಬುಟ್ಟಿ ಹೊತ್ತು ಬೀದಿಯವರನ್ನೆಲ್ಲ ಹಾಡಿ ಎಬ್ಬಿಸುವ ಮಾರಾಟಗಾರ್ತಿ ಅವಳು. ಹಿಂದೆ ಮೇಳದವರೆಲ್ಲ ಬುಟ್ಟಿ ಹೊತ್ತು ಸಾಲಾಗಿ ಬರುತ್ತಾರೆ. ಆ ಕುಣಿತವನ್ನು ಅವಳೇ ಕಟ್ಟಿದಳು, ಅವಳೇ ಮುಂದೆ ನಿಂತು ಕಲಿಸಿದಳು. ಕಲಿಯುವವರು ಏನು ಮಾಡುತ್ತಾರೆ? ಕಂಡದ್ದನ್ನು ಕಂಡ ಹಾಗೆ ಮಾಡುತ್ತಾರೆ. ಅವಳ ಎಡಗಾಲು ತಡವಾದರೆ ಅವರದೂ ತಡ. ಅವಳ ಸೊಂಟ ಒಂದು ಕಡೆ ಕುಸಿದರೆ ಅವರದೂ ಕುಸಿತ. ಬುಟ್ಟಿ ಇನ್ನೇನು ಬಿದ್ದೇಬಿಟ್ಟಿತು ಅನ್ನುವಾಗ ಭುಜ ಮೇಲೆದ್ದು ಅದನ್ನು ಹಿಡಿಯುತ್ತಿತ್ತು. ಅವಳಿಗೇ ಅದು ಗೊತ್ತಾಗಿರಲಿಲ್ಲ. ಪರದೆಯ ಪಕ್ಕದಿಂದ ಒಂದು ದಿನ ಇಣುಕಿದ ಅಮ್ಮ, ಇದೇನೇ ಊರಿಗೆ ಊರೇ ನಿನ್ನ ಹಾಗೆ ಕುಂಟುತ್ತಿದೆಯಲ್ಲೇ ಎಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತಿದ್ದೋಣ ಎಂದುಕೊಂಡಳು ಮಗಳು. ಅಷ್ಟರಲ್ಲಿ ನಾಟಕ ರಂಗಕ್ಕೆ ಬಂದಾಗಿತ್ತು, ಆ ಹೆಜ್ಜೆಗೆ ಜನ ಶಿಳ್ಳೆ ಹೊಡೆಯತೊಡಗಿದ್ದರು. ಮಕ್ಕಳು ಬೀದಿಯಲ್ಲಿ ಅದನ್ನೇ ಕುಣಿದರು.

ನಾಟಕಕ್ಕೆ ಹೆಸರು ಬಂತು, ದೊಡ್ಡ ರಂಗಮಂದಿರದಿಂದ ಕರೆ ಬಂತು. ನಿರ್ದೇಶಕ ಅಭ್ಯಾಸದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಟೀ ಹೀರುತ್ತ, ಮೆತ್ತಗೆ ಮಾತು ತೆಗೆದ. ಆ ಮೆತ್ತಗಿನ ಮಾತೇ ಮೈ ಉರಿಸುವುದು.

"ಅಲ್ಲಿ ಮುಂದಿನ ಸಾಲಿನವರಿಗೆ ಎಲ್ಲಾ ಕಾಣುತ್ತೆ ಕಣಮ್ಮ. ಜನ ಹಾಡು ಕೇಳೋಕೆ ಬರ್ತಾರೆ, ಕುಂಟು ನೋಡೋಕಲ್ಲ. ಪಾತ್ರ ಈ ಹುಡುಗಿಗೆ ಕಲಿಸಿಬಿಡು. ಕುಣಿತ ಹೇಗೂ ನಿಂದೇ."

ಹುಡುಗಿ ಅಂದರೆ ಬೇರೆ ಯಾರೋ ಅಲ್ಲ, ಅವಳ ಸ್ವಂತ ತಂಗಿಯ ಮಗಳು, ಮೇಳದಲ್ಲಿ ಎರಡನೆಯ ಸಾಲಿನವಳು. ದೊಡ್ಡಮ್ಮನ ಮುಖ ನೋಡಲಾಗದೆ ಆ ಮಗು ತಲೆ ತಗ್ಗಿಸಿ ಕೂತಿತು. ಮಿಕ್ಕವರು ತುಟಿ ಪಿಟಕ್ಕೆನ್ನಲಿಲ್ಲ. ಎಂಥ ಜನ ನೋಡಿ. ಇಷ್ಟು ದಿನ ಅವಳ ಬೆನ್ನ ಹಿಂದೆ ಕುಣಿದು ಹೊಟ್ಟೆ ಹೊರೆದವರು ಇವರು.

ಮನೆಗೆ ಬಂದು ಅವಳು ಅತ್ತಳು ಅಂದುಕೊಂಡಿರೋ? ಅಳಲಿಲ್ಲ. ಪಾತ್ರೆಗಳನ್ನು ಸದ್ದು ಮಾಡಿ ತೊಳೆದಳು. ಹಾಡೋದನ್ನು ಬಿಟ್ಟರೆ ನಾನು ಯಾರು ಎಂದು ಒಂದು ಸಲ ಕೇಳಿದಳು, ಅದೂ ಬಚ್ಚಲ ಗೋಡೆಗೆ ಕೇಳಿದ ಹಾಗೆ. ಅಮ್ಮ ಮಾತ್ರ ಕೆಂಡವಾಗಿದ್ದಳು. ಅವಳಿಗೆ ಆಗಲೇ ಅಪ್ಪಣೆಯಾಗಿತ್ತು, ಸಂತೆಯ ನಾಟಕದಲ್ಲಿ ಮಗಳು ತೊಡುವ ಹಸಿರು ಉಡುಪನ್ನು ಹುಡುಗಿಯ ಅಳತೆಗೆ ಕತ್ತರಿಸಿ ಹೊಲಿಯಬೇಕೆಂದು. ಆ ಕುಂಟು ಬೇಡ ಅನ್ನೋನು ಕುಣಿತ ಯಾಕೆ ಇಟ್ಟುಕೊಳ್ತಾನೆ, ಅದರೊಳಗೆ ಇರೋದು ಏನಂತೆ ಎಂದು ಅಮ್ಮ ಗೊಣಗಿದಳು. ಮಗಳು ತೊಳೆಯುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು.

ಮರುದಿನದಿಂದ ಅವಳು ಅಚ್ಚುಕಟ್ಟಾಗಿ ಹೇಳಿದ ಕೆಲಸ ಮಾಡಿದಳು. ಹುಡುಗಿಗೆ ಹಾಡು ಕಲಿಸಿದಳು, ಎಳ್ಳಷ್ಟೂ ಮುಚ್ಚಿಡದೆ ಕಲಿಸಿದಳು. ಆಮೇಲೆ ಮೇಳದವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎಡಗಾಲನ್ನೂ ತಿದ್ದಿದಳು. ತಡ ಮಾಡಬೇಡಿ, ಸೊಂಟ ಕುಸಿಯಬಾರದು, ಬುಟ್ಟಿ ಅಲ್ಲಾಡಬಾರದು ಎಂದಳು. ಅವರಿಗೆ ಪೇಚಾಟ, ಒಗ್ಗಿಹೋದ ಕಾಲುಗಳು ಕೇಳಬೇಕಲ್ಲ. ಅವಳು ಬಿಡಲಿಲ್ಲ.

ನಿರ್ದೇಶಕ ನೋಡಲು ಬಂದ ದಿನ ಎಲ್ಲರೂ ನೆಟ್ಟಗೆ ಬಂದರು, ನೆಟ್ಟಗೆ ಹೋದರು. ಹುಡುಗಿ ಚೆನ್ನಾಗಿಯೇ ಹಾಡಿದಳು. ಆದರೂ ಉಪ್ಪಿಲ್ಲದ ಊಟದ ಹಾಗಿತ್ತು. ಅವನು ಇನ್ನೊಂದು ಸಲ ಮಾಡಿಸಿದ. ತಲೆ ಕೆರೆದುಕೊಂಡ. ಕೊನೆಗೆ ಸಿಡುಕಿದ, ಅದೆಲ್ಲಿ ಹೋಯಿತು, ಜನ ಶಿಳ್ಳೆ ಹೊಡೀತಿದ್ದ ಆ ಹೆಜ್ಜೆ ಎಲ್ಲಿ ಎಂದು.

"ತೆಗೆದುಹಾಕಿದೆ," ಅಂದಳು ಹೆಜ್ಜೆಯಕ್ಕ. "ಬೇಡ ಅಂದವರು ನೀವೇ."

"ನಾನು ಯಾವಾಗ ಬೇಡ ಅಂದೆ?"

ಅವಳು ಎದ್ದು, ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದಳು. ಬುಟ್ಟಿಯಿಲ್ಲ, ಹಾಡಿಲ್ಲ, ಬರೀ ನಡಿಗೆ. ಎಡಗಾಲು ತಡವಾಯಿತು, ಸೊಂಟ ಕುಸಿಯಿತು, ಭುಜ ಮೇಲೆದ್ದಿತು. ಸಾಲಿನಲ್ಲಿ ಯಾರೋ ಅಯ್ಯೋ ಅಂದರು. ನಿರ್ದೇಶಕನ ಮುಖ ಸುಟ್ಟ ಬದನೆಕಾಯಿಯಾಯಿತು. ಇಷ್ಟು ದಿನ ಅವನು ಹೊಗಳಿಸಿಕೊಂಡದ್ದು, ಊರೆಲ್ಲ ಕೊಚ್ಚಿಕೊಂಡದ್ದು, ತಾನು ಸರಿಮಾಡಿಸದ ಒಂದು ಹಲಗೆಯ ಫಲವನ್ನು.

ವಾಪಸ್ ಹಾಕು ಎಂದು ಅವನು ತಗ್ಗಿದ ದನಿಯಲ್ಲಿ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಅವತ್ತು ಎಲ್ಲರ ಮುಂದೆ ಹೇಳಿದ್ರಿ. ಇವತ್ತೂ ಎಲ್ಲರ ಮುಂದೆ ಹೇಳಿ. ಏನು ಬೇಕು?"

ಅವನು ನೆಲ ನೋಡಿದ. ಬಾಗಿಲ ಕಡೆ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ.

"ಕುಂಟು," ಅಂದ.

"ಯಾರ ಕುಂಟು?"

"ನಿಂದು."

"ಹಾಗಾದ್ರೆ ಅದರ ಜೊತೆ ನಾನೂ ಬರ್ತೀನಿ. ಎಲ್ಲಕ್ಕಿಂತ ಮುಂದೆ ನಿಲ್ತೀನಿ, ಮುಂದಿನ ಸಾಲಿನವರಿಗೆ ಚೆನ್ನಾಗಿ ಕಾಣೋ ಹಾಗೆ."

ತಂಗಿಯ ಮಗಳು ಅವನ ಉತ್ತರಕ್ಕೆ ಕಾಯಲೇ ಇಲ್ಲ. ಬುಟ್ಟಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟು ಓಡಿಹೋಗಿ ಎರಡನೆಯ ಸಾಲಿನಲ್ಲಿ ನಿಂತಳು. ನಿರ್ದೇಶಕ ಬೇರೆ ದಾರಿ ಕಾಣದೆ, ಉಡುಪು ಆಗಲೇ ಕತ್ತರಿಸಿ ಆಗಿದೆಯಲ್ಲ, ಈಗೇನು ಮಾಡೋದು ಎಂದು ಅಮ್ಮನನ್ನು ಕರೆಸಿದ.

ಅಮ್ಮ ಬಂದಳು. ತೋಳಿನ ಮೇಲೆ ಹಸಿರು ಉಡುಪು ಇತ್ತು, ಇಸ್ತ್ರಿ ಮಾಡಿ, ಮಗಳ ಅಳತೆಯಲ್ಲೇ.

"ಕತ್ತರಿಸೋಣ ಅಂತಲೇ ಇದ್ದೆ," ಅಂದಳು, "ಕತ್ತರಿ ಎಲ್ಲಿಟ್ಟೆನೋ ಸಿಗಲೇ ಇಲ್ಲ."

ಕತ್ತರಿ ಎಂದಿನಂತೆ ಅವಳ ಕೊರಳಲ್ಲಿ ನೇತಾಡುತ್ತಿತ್ತು.