ಕಿವಿ ಕಟ್ಟುವ ಕಾರು, ದಬ್ಬಣದಕ್ಕನ ಹಠ

ಕಾರಿನ ಸೀಟು ಹರಿದರೆ ಆ ಬೀದಿಯವರು ಕಂಪನಿ ಇರುವ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲ, ನೇರ ದಬ್ಬಣದಕ್ಕನ ಶೆಡ್ಡಿಗೆ ಬರುತ್ತಾರೆ. ಅವಳ ನಿಜವಾದ ಹೆಸರೇನೆಂದು ಕೇಳಿದರೆ ಪೋಸ್ಟಿನವನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ. ಗೇಣುದ್ದದ ದಬ್ಬಣವೊಂದು ಯಾವಾಗಲೂ ಅವಳ ಏಪ್ರನ್ನಿನ ಜೇಬಿನಲ್ಲಿರುತ್ತದೆ, ಅದರಿಂದಲೇ ಆ ಹೆಸರು. ಐವತ್ತೆರಡು ವಯಸ್ಸು, ಕೈ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಅಪ್ಪ ಹಾಸಿಗೆ ಹೊಲಿಯುವವನಾಗಿದ್ದ. ಅರಳೆ ಹೊರಗೆ ಬರದ ಹಾಗೆ, ಇರುವೆ ಒಳಗೆ ಹೋಗದ ಹಾಗೆ ಹೊಲಿಯುವುದನ್ನು ಅವನಿಂದ ಕಲಿತು, ಮದುವೆಯಾದ ಮೇಲೆ ಅದೇ ವಿದ್ಯೆಯನ್ನು ಕಾರಿಗೆ ತಂದಳು. ಎಲ್ಲಿ ಸಂದು ಕಂಡರೂ ಅವಳಿಗೆ ಕೈ ತುರಿಸುತ್ತದೆ. ಮನೆಯ ಬೀರುವಿನ ಬಾಗಿಲಿಗೂ ಕಂಬಳಿಯಂಥ ದಪ್ಪ ಫೆಲ್ಟ್ ಅಂಟಿಸಿದ್ದಾಳೆ ಅಂದರೆ ನೀವೇ ಲೆಕ್ಕ ಹಾಕಿ.

ಇಷ್ಟು ವರ್ಷದಲ್ಲಿ ಅವಳ ಕೆಲಸವನ್ನು ಒಂದೇ ಒಂದು ಸಲವೂ ಹೊಗಳದವರು ಅಂದರೆ ಊರಿಗೆಲ್ಲ ಒಬ್ಬರೇ, ಅವಳ ಅತ್ತೆ.

"ಕಾರು ಅಂದ್ರೆ ಕಬ್ಬಿಣ. ಅದಕ್ಕೆ ಬಟ್ಟೆ ಹೊಲಿಯೋದೂ ಒಂದು ಕೆಲಸಾನಾ?" ಎಂದು ಮೊದಲ ವರ್ಷ ಅಂದವರು ಇಪ್ಪತ್ತೊಂಬತ್ತನೇ ವರ್ಷದಲ್ಲೂ ಅದನ್ನೇ ಅನ್ನುತ್ತಿದ್ದರು. ದಬ್ಬಣದಕ್ಕ ನಕ್ಕು ಹೊಲಿಗೆ ಮುಂದುವರಿಸುತ್ತಿದ್ದಳು. ಆದರೆ ಆ ಮಾತು ಪ್ರತಿ ಸಲವೂ ಒಳಗೆ ಚುಚ್ಚುತ್ತಿತ್ತು.

ಅತ್ತೆಗೆ ಎಂಬತ್ತಮೂರು, ಕಿವಿ ಸ್ವಲ್ಪ ಮಂದ. ಅವರ ಬೆನ್ನಿಗೆ ಹುಟ್ಟಿದವಳು ಒಬ್ಬಳೇ ತಂಗಿ, ಮೂರು ಗಂಟೆ ದಾರಿಯ ಆಚೆಯ ಪಟ್ಟಣದಲ್ಲಿದ್ದಳು. ಇಬ್ಬರೂ ಮುಖ ನೋಡಿ ಆರು ವರ್ಷ ಆಗಿತ್ತು. ಬಸ್ಸು ಹತ್ತಿದರೆ ಅತ್ತೆಗೆ ವಾಂತಿ. ಮಗನ ಟ್ಯಾಕ್ಸಿ ಇತ್ತಲ್ಲ ಅಂದರೆ, ಹದಿನಾಲ್ಕು ವರ್ಷದ ಆ ಕಾರಿನ ಹಿಂದಿನಿಂದ ಧೂಳು ನುಗ್ಗಿ, ಅತ್ತೆ ಅರ್ಧ ಗಂಟೆಯಲ್ಲಿ ಕೆಮ್ಮಿ ಕೆಮ್ಮಿ ಕೆಂಪಗಾಗುತ್ತಿದ್ದರು. ಹೀಗೆ ಇವತ್ತು ನಾಳೆ ಅನ್ನುತ್ತಿದ್ದಾಗ ಅಲ್ಲಿಂದ ಫೋನು ಬಂತು. ತಂಗಿಯ ಒಂದು ಕಣ್ಣು ಹೋಗಿಯೇಬಿಟ್ಟಿದೆ, ಇನ್ನೊಂದೂ ಮಂಜಾಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ, ಹೆಚ್ಚೆಂದರೆ ಎರಡು ತಿಂಗಳು.

ಅತ್ತೆ ಅಳಲಿಲ್ಲ. ಮಗನನ್ನು ಕರೆದು, "ಪೂರ್ತಿ ಕತ್ತಲಾಗೋದ್ರೊಳಗೆ ಅವಳು ಒಂದ್ಸಲ ನನ್ನ ಮುಖ ನೋಡ್ಬೇಕು ಕಣೋ. ಆಮೇಲೆ ಹೋಗಿ ಏನ್ ಮಾಡ್ಲಿ?" ಅಂದರು.

ದಬ್ಬಣದಕ್ಕ ಅಡುಗೆಮನೆಯಿಂದಲೇ ಕೂಗಿದಳು, "ಕಾರು ಒಂದು ವಾರ ನನ್ನ ಕೈಗೆ ಕೊಡಿ ರೀ. ಅತ್ತೆ ಮೂಗಿಗೆ ಒಂದು ಕಣ ಧೂಳು ಬಿದ್ರೆ ನಾನು ದಬ್ಬಣ ಕೆಳಗಿಡ್ತೀನಿ!"

ವಾರವಿಡೀ ಅವಳು ಊಟ ನಿದ್ದೆ ಮರೆತು ದುಡಿದಳು. ನೆಲಕ್ಕೆ ಎರಡು ಪದರ ಫೆಲ್ಟ್, ಬಾಗಿಲುಗಳಿಗೆಲ್ಲ ಹೊಸ ರಬ್ಬರ್, ಹಿಂದಿನ ಸೀಟಿಗೆ ಅತ್ತೆಯ ಸೊಂಟಕ್ಕೆ ತಕ್ಕ ಸ್ಪಂಜು. ಡಿಕ್ಕಿಯ ಹಾಸು ಕಿತ್ತಾಗ ಬಂಪರಿನ ಹಿಂದೆ ಎರಡೂ ಮೂಲೆಯಲ್ಲಿ ಅಂಗೈ ಅಗಲದ ಒಂದೊಂದು ಕಿಂಡಿ ಕಾಣಿಸಿತು. ಧೂಳೆಲ್ಲ ಅಲ್ಲೇ ಮೆತ್ತಿಕೊಂಡಿತ್ತು. ಸಿಕ್ಕಿಬಿದ್ದನಲ್ಲ ಕಳ್ಳ! "ಇಷ್ಟು ದೊಡ್ಡ ಕಂಪನಿಯವರು, ಇಲ್ಲಿ ತೂತು ಬಿಟ್ಟು ಹೋಗಿದ್ದಾರಲ್ಲ, ಮೈಗಳ್ಳರು" ಎಂದು ಬೈಯುತ್ತಾ ಎರಡಕ್ಕೂ ಮೂರು ಪದರ ಫೆಲ್ಟ್ ಜಡಿದು, ಮೇಲೆ ರೆಕ್ಸಿನ್ ಹಾಕಿ, ಸುತ್ತಲೂ ಸಲ್ಯೂಷನ್ ಬಳಿದಳು. ಅದರ ಮೇಲೆ ಹಾಸು ಹೊದಿಸಿದಳು. ಸೂಜಿಮೊನೆಯಷ್ಟು ಸಂದೂ ಉಳಿಯಲಿಲ್ಲ.

ಭಾನುವಾರ ಬೆಳಗ್ಗೆ ಹೊರಟರು. ಗಂಡ ಬಾಗಿಲು ಹಾಕಿದ್ದೇ ತಡ, ಎಲ್ಲರ ಕಿವಿಯಲ್ಲೂ ಗಪ್ ಅಂತ ಏನೋ ಒತ್ತಿದ ಹಾಗಾಯಿತು. ಹೊಸ ರಬ್ಬರು, ಬಿಗಿ ಇರುತ್ತದೆ ಎಂದು ದಬ್ಬಣದಕ್ಕ ಜಂಭ ಪಟ್ಟಳು. ಹೆದ್ದಾರಿಗೆ ಬಂದು, ಸೆಕೆ ಎಂದು ಹೊರಗಿನ ಗಾಳಿಯ ಫ್ಯಾನು ಜೋರು ಮಾಡಿದರೆ ಕಿವಿ ಕಟ್ಟಿಕೊಳ್ಳತೊಡಗಿತು. ಗಂಡ ಆಕಳಿಸಿದ, ಇವಳು ಉಗುಳು ನುಂಗಿದಳು, ಕ್ಷಣ ಬಿಟ್ಟಂತಾಗಿ ಮತ್ತೆ ಕಟ್ಟಿತು. ಧೂಳು ಮಾತ್ರ ಒಂದು ಕಣವೂ ಇಲ್ಲ. ಆದರೆ ಅತ್ತೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ನಿಲ್ಸೋ! ತಲೆ ಒಡೆದುಹೋಗ್ತಿದೆ, ಮನೆಗೆ ತಿರುಗ್ಸೋ!" ಎಂದು ಚೀರಿದರು. ಮುಕ್ಕಾಲು ಗಂಟೆ ಹೋದ ದಾರಿಯನ್ನು ಹಾಗೆಯೇ ಹಿಂದಕ್ಕೆ ಬಂದರು.

ಮನೆಯ ಮುಂದೆ ಇಳಿದ ಅತ್ತೆ, "ಒಳ್ಳೆ ಡಬ್ಬಿ ಮಾಡಿಟ್ಟಿದ್ದೀಯ. ನನ್ನನ್ನ ಉಪ್ಪಿನಕಾಯಿ ಹಾಕೋಕಾ?" ಅಂದರು.

ವಾರದ ದಣಿವು, ಬೀದಿಯವರ ಎದುರಿಗೆ ಆದ ಅವಮಾನ, ಎರಡೂ ಸೇರಿ ದಬ್ಬಣದಕ್ಕನಿಗೆ ಪಿತ್ತ ನೆತ್ತಿಗೇರಿತು. "ಕಾರಲ್ಲಿ ಏನೂ ಇಲ್ಲ ಅತ್ತೆ. ಇರೋದೆಲ್ಲ ನಿಮ್ಮ ಕಿವಿಯಲ್ಲೇ!" ಅಂದುಬಿಟ್ಟಳು. ತನ್ನ ಕಿವಿಯೂ ಕಟ್ಟಿತ್ತಲ್ಲ, ಅದು ಅವಳಿಗೆ ಗೊತ್ತಿತ್ತು. ಅತ್ತೆ ಬೆನ್ನು ತಿರುಗಿಸಿ ಒಳಗೆ ಹೋದರು. ಯಾವಾಗಲೂ ಎರಡಕ್ಕೆ ನಾಲ್ಕು ಕೊಡುವ ಹೆಂಗಸು ಸುಮ್ಮನೆ ಹೋದದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಮಾರನೆಯ ದಿನದಿಂದ ಶುರುವಾಯಿತು ನೋಡಿ ಮದ್ದುಗಳ ಮೆರವಣಿಗೆ. ಪಕ್ಕದ ಗ್ಯಾರೇಜಿನ ಮುದುಕನನ್ನು ಎಲ್ಲರೂ ಗ್ರೀಸ್ ಮಾಮ ಅನ್ನುತ್ತಾರೆ. ಅವನು ಬಾನೆಟ್ಟಿನಿಂದ ತಲೆ ಎತ್ತಿ, "ಬೆಟ್ಟ ಹತ್ತುವಾಗ ಹೀಗಾಗುತ್ತಮ್ಮ. ಬಾಯಲ್ಲಿ ಪೆಪ್ಪರ್‌ಮೆಂಟು ಇಟ್ಕೊಂಡ್ರೆ ಸರಿಹೋಗುತ್ತೆ" ಅಂದ.

"ಆ ದಾರಿಯಲ್ಲಿ ಒಂದು ದಿಬ್ಬವೂ ಇಲ್ವಲ್ಲ ಮಾಮ!"

"ಹಂಗಾದ್ರೆ ಎರಡು ಪೆಪ್ಪರ್‌ಮೆಂಟು ಇಟ್ಕೊಳ್ಳಿ."

ಅದೂ ಆಯಿತು. ಗಂಡಹೆಂಡತಿ ಇಬ್ಬರೇ ಹೆದ್ದಾರಿಯಲ್ಲಿ ಹೋಗಿ ಬಂದರು. ಪೆಪ್ಪರ್‌ಮೆಂಟು ಖಾಲಿಯಾಯಿತು, ಕಿವಿ ಬಿಡಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಹೋದರು, ಇನ್ನೂ ಕೆಟ್ಟದಾಯಿತು, ಜೊತೆಗೆ ಹಿಂದಿನ ಲಾರಿಯ ಹಾರನ್ನೂ ಕೇಳಿಸದೆ ಅದರ ಡ್ರೈವರನಿಂದ ಬೈಸಿಕೊಂಡರು. ಹಿಂದಿನ ಒಂದು ಗಾಜು ಇಳಿಸಿ ನೋಡಿದರು. ಒತ್ತಡ ಹೋಯಿತು, ಆದರೆ ಕಾರಿನೊಳಗೆ ಯಾರೋ ಹಾಸಿಗೆ ಬಡಿಯುತ್ತಿರುವಂತೆ ಧಬಧಬಧಬ ಎಂದು ಗಾಳಿ ಕಿವಿಗೆ ಗುದ್ದತೊಡಗಿತು. ದಬ್ಬಣದಕ್ಕ ಹಠ ಬಿಡಲಿಲ್ಲ. ಎದುರು ಮೂಲೆಯ ಮುಂದಿನ ಗಾಜನ್ನು ಎರಡು ಬೆರಳಷ್ಟು ಇಳಿಸಿದಳು. ಗುದ್ದು ತಟ್ಟನೆ ನಿಂತಿತು!

"ನಿಂತಿತು ಕಣೇ!" ಎಂದು ಗಂಡ ಸ್ಟಿಯರಿಂಗ್ ತಟ್ಟಿದ.

"ನಿಂತಿತು, ಹೌದು. ಧೂಳು?" ಅಂದಳು. ಹೊಸ ಸೀಟಿನ ಮೇಲೆ ಬೆರಳಿಂದ ಗೀರು ಎಳೆದರೆ ಗೀರು ಕಾಣಿಸಿತು. ಅತ್ತೆಗೆ ಮತ್ತೆ ಅದೇ ಕೆಮ್ಮು. ಆದರೂ ಒಂದು ಮಾತು ಅವಳ ತಲೆಯಲ್ಲಿ ಕೂತಿತು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಕೊಟ್ಟರೆ ಕಿವಿ ಬಿಡುತ್ತದೆ. ಹಾಗಾದರೆ ಬೇರೆಯವರ ಕಾರುಗಳಲ್ಲಿ ಗಾಜು ಏರಿಸಿದ್ದರೂ ಗಾಳಿ ಎಲ್ಲಿಂದ ಹೋಗುತ್ತದೆ?

ಅಷ್ಟರಲ್ಲಿ ಮತ್ತೆ ಫೋನು ಬಂತು. ತಂಗಿಗೆ ಈಗ ಮಧ್ಯಾಹ್ನದ ಬಿಸಿಲಿನಲ್ಲಿ, ಹತ್ತಿರ ಹಿಡಿದರೆ ಮಾತ್ರ ಕಾಣಿಸುತ್ತದಂತೆ. ಅತ್ತೆ ಫೋನು ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ದಬ್ಬಣದಕ್ಕ ತಟ್ಟೆ ತಂದಿಟ್ಟಳು, ಅದು ಹಾಗೆಯೇ ಆರಿತು.

ಮರುದಿನ ಶೆಡ್ಡಿಗೆ ಗಿರಾಕಿಯೊಬ್ಬರ ಕಾರು ಬಂದಿತ್ತು, ಗಂಡನ ಕಾರಿನದೇ ಮಾದರಿ, ಸ್ವಲ್ಪ ಹೊಸದು. ಅದರ ಸೀಟಿನೊಳಗೆ ತುಂಬಲು ಅರಳೆ ಬಿಡಿಸುತ್ತಾ ಅವಳು ಕಾರಿನ ಹಿಂದೆ ನೆಲದ ಮೇಲೆ ಕೂತಿದ್ದಳು. ಊಟದ ಡಬ್ಬಿ ತಂದ ಗಂಡ ಸೀಟು ಹೇಗಿದೆ ನೋಡೋಣ ಎಂದು ಒಳಗೆ ಕೂತು ಬಾಗಿಲು ಎಳೆದುಕೊಂಡ. ಬಂಪರಿನ ಕೆಳಗೆ ಬಿದ್ದಿದ್ದ ಅರಳೆ ಪುಸ್ ಎಂದು ಹಾರಿ ಅವಳ ಮೂಗಿಗೆ ಬಂತು.

ಅವಳು ಅರಳೆಯನ್ನು ಮತ್ತೆ ಅಲ್ಲೇ ಇಟ್ಟಳು. "ರೀ, ಇನ್ನೊಂದ್ಸಲ ಬಾಗಿಲು ಹಾಕಿ."

ಪುಸ್!

"ಇನ್ನೊಂದ್ಸಲ."

"ನಿನಗೇನಾಯ್ತೇ? ಊಟ ಆರ್ತಿದೆ."

"ಊಟ ಹಾಳಾಗ್ಲಿ, ಬಾಗಿಲು ಹಾಕಿ!"

ಏಳು ಸಲ ಹಾಕಿಸಿದಳು, ಏಳು ಸಲವೂ ಅರಳೆ ಹಾರಿತು. ಆಮೇಲೆ ಹೊರಗೆ ನಿಂತಿದ್ದ ತಮ್ಮ ಕಾರಿನ ಹಿಂದೆ ಅದೇ ಅರಳೆ ಇಟ್ಟು ಬಾಗಿಲು ಹಾಕಿಸಿದಳು. ಅದು ಕದಲಲಿಲ್ಲ. ದಬ್ಬಣದಕ್ಕ ಮತ್ತೆ ಶೆಡ್ಡಿನೊಳಗೆ ಓಡಿದಳು. ಗಿರಾಕಿಯ ಕಾರಿನ ಡಿಕ್ಕಿಯ ಹಾಸು ಎತ್ತಿದರೆ ಅದೇ ಮೂಲೆ, ಅದೇ ಕಿಂಡಿ. ಆದರೆ ಅದಕ್ಕೆ ತೆಳ್ಳನೆಯ ರಬ್ಬರ್ ಪಟ್ಟಿಗಳು ಕಣ್ಣಿನ ರೆಪ್ಪೆಯ ಹಾಗೆ ಜೋತುಬಿದ್ದಿದ್ದವು. ಒಳಗಿನಿಂದ ಊದಿದರೆ ತೆರೆಯುತ್ತಿದ್ದವು, ಬಿಟ್ಟರೆ ಮುಚ್ಚಿಕೊಳ್ಳುತ್ತಿದ್ದವು. ಕಂಪನಿಯವರು ಮರೆತು ಬಿಟ್ಟ ತೂತಲ್ಲ, ಬೇಕೆಂದೇ ಇಟ್ಟ ದಾರಿ ಅದು. ತಮ್ಮ ಕಾರಿನ ರಬ್ಬರು ವಯಸ್ಸಾಗಿ ಉದುರಿಹೋಗಿ ಧೂಳು ಬರುತ್ತಿತ್ತು, ಇವಳು ಹೋಗಿ ದಾರಿಯನ್ನೇ ಮುಚ್ಚಿದ್ದಳು.

"ಅಯ್ಯೋ ನನ್ನ ಕೈಗಿಷ್ಟು! ನಾನೇ ಕಣ್ರೀ, ನಾನೇ ಮಾಡಿದ್ದು ಇದು!" ಎಂದು ಅವಳು ಕೂಗಿದ್ದಕ್ಕೆ ಗ್ರೀಸ್ ಮಾಮ ಸ್ಪ್ಯಾನರ್ ಬಿಸಾಕಿ ಓಡಿಬಂದ.

ವಿಷಯ ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಡಮ್ಮ, ಆ ಫೆಲ್ಟ್ ಕಿತ್ತು ಬಿಸಾಕು, ಮುಗೀತು."

"ಕಿತ್ರೆ ಧೂಳು ಬರುತ್ತೆ ಮಾಮ."

"ಹಾಗಾದ್ರೆ ಹೊಸ ಕಿಂಡಿ ತರಿಸು. ಬರೋಕೆ ಮೂರು ವಾರ ಆಗುತ್ತೆ."

ಮೂರು ವಾರ ಎಲ್ಲಿತ್ತು? ಅವಳು ಏಪ್ರನ್ನಿನಿಂದ ದಬ್ಬಣ ತೆಗೆದಳು. ತಾನೇ ಜಡಿದಿದ್ದ ಫೆಲ್ಟನ್ನು ತಾನೇ ಕತ್ತರಿಸಿ ಹಾಕಿದಳು. ಸೈಕಲ್ಲಿನ ಹಳೆಯ ಟ್ಯೂಬು ರೆಪ್ಪೆಗೆ ದಪ್ಪವಾಯಿತು, ರೆಕ್ಸಿನ್ ಮಡಿಸಿದರೆ ಹಾಗೆಯೇ ನಿಂತಿತು. ಕೊನೆಗೆ ಆಸ್ಪತ್ರೆಯ ಹಾಸಿಗೆಗೆ ಹಾಕುವ ತೆಳು ರಬ್ಬರ್ ಹಾಳೆ ಹೊಂದಿತು. ಕಿಂಡಿಯ ಪ್ಲಾಸ್ಟಿಕ್ ಚೌಕಟ್ಟಿನ ಒಂದೊಂದು ಮನೆಗೂ ಅಳತೆ ಹಿಡಿದು ಪಟ್ಟಿ ಕತ್ತರಿಸಿ, ಮೇಲಂಚನ್ನು ಮಾತ್ರ ಚೌಕಟ್ಟಿಗೆ ಹೊಲಿದು, ಕೆಳಗೆ ಸಡಿಲ ಬಿಟ್ಟಳು. ಗಾಳಿ ಹೊರಗೆ ಹೋಗಬೇಕು, ಧೂಳು ಒಳಗೆ ಬರಬಾರದು. ಅಪ್ಪನ ಹಾಸಿಗೆಯಲ್ಲಿ ಇಲ್ಲದ ಹೊಲಿಗೆ ಇದು. ಜೀವಮಾನದಲ್ಲಿ ಮೊದಲ ಸಲ ಅವಳು ಬೇಕೆಂದೇ ಒಂದು ಕಡೆ ಹೊಲಿಯದೆ ಬಿಟ್ಟಳು.

ಸಂಜೆ ನಾಲ್ಕಕ್ಕೆ ಪರೀಕ್ಷೆ. ಬಂಪರಿನ ಕೆಳಗೆ ಎರಡೂ ಕಡೆ ಅರಳೆ. ಗಂಡ ಒಳಗೆ, ಗ್ರೀಸ್ ಮಾಮ ನೆಲಕ್ಕೆ ಗಲ್ಲ ಹಚ್ಚಿ ಹಿಂದೆ, ಬೀದಿಯ ಅರ್ಧ ಜನ ಸುತ್ತ. ಬಾಗಿಲು ಹಾಕಿದರು. ಪುಸ್! ಎರಡೂ ಕಡೆಯ ಅರಳೆ ಒಟ್ಟಿಗೆ ಹಾರಿತು. ಗಾಜು ಏರಿಸಿ, ಫ್ಯಾನು ಪೂರ್ತಿ ಇಟ್ಟು ಹೆದ್ದಾರಿಗೆ ಹೋಗಿಬಂದರು. ಕಿವಿ ಹಗುರ, ಸೀಟಿನ ಮೇಲೆ ಬೆರಳಿಂದ ಎಳೆದರೆ ಗೀರೂ ಇಲ್ಲ. ಗ್ರೀಸ್ ಮಾಮ ತನ್ನ ಎಣ್ಣೆ ಟೋಪಿ ತೆಗೆದು ಅವಳ ತಲೆಗಿಟ್ಟ. ಅವಳು ಅದನ್ನು ತೆಗೆಯದೆ ಹಾಗೆಯೇ ಎದೆಯುಬ್ಬಿಸಿಕೊಂಡು ಮನೆಗೆ ನಡೆದಳು.

ಅತ್ತೆಯ ಕೋಣೆಯ ಬಾಗಿಲಲ್ಲಿ ಟೋಪಿ ತೆಗೆದಳು. "ಅತ್ತೆ, ತಪ್ಪು ನಿಮ್ಮ ಕಿವೀದಲ್ಲ. ನಂದು. ನಾನೇ ಗಾಳಿ ದಾರಿ ಮುಚ್ಚಿದ್ದೆ. ಅವತ್ತು ನನ್ನ ಕಿವೀನೂ ನೋಯ್ತಿತ್ತು, ಸುಳ್ಳು ಹೇಳ್ದೆ."

ಅತ್ತೆ ಗೋಡೆಯ ಕಡೆಯಿಂದ ಇತ್ತ ಹೊರಳಿ ಎದ್ದು ಕೂತರು. "ಈಗ ತೆರೆದಿದ್ದೀಯ?"

"ತೆರೆದಿದ್ದೀನಿ."

"ಹಾಗಾದ್ರೆ ನನ್ನ ನೀಲಿ ಸ್ವೆಟರ್ ತೆಗೆದಿಡು. ಅವಳಿಗೆ ಆ ಬಣ್ಣ ಇಷ್ಟ."

ಮರುದಿನ ಬೆಳಗ್ಗೆ ಎಂಟೂವರೆಗೆ ಹೊರಟರು. ಹೋದ ಸಲ ತಿರುಗಿ ಬಂದ ಪೆಟ್ರೋಲ್ ಬಂಕು ಬಂದಾಗ ಮೂವರೂ ಉಸಿರು ಬಿಗಿಹಿಡಿದರು. ದಾಟಿತು. ಸ್ವಲ್ಪ ದೂರ ಹೋದ ಮೇಲೆ, ಹಿಂದಿನಿಂದ ಏನೂ ಸದ್ದಿಲ್ಲವಲ್ಲ ಎಂದು ದಬ್ಬಣದಕ್ಕ ಹೆದರಿ ತಿರುಗಿ ನೋಡಿದರೆ, ಅತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಗಂಡಹೆಂಡತಿಗೆ ನಗು ತಡೆಯಲಾಗಲಿಲ್ಲ.

ಹನ್ನೊಂದೂವರೆಗೆ ಮುಟ್ಟಿದರು. ತಂಗಿಯನ್ನು ಅಂಗಳದಲ್ಲಿ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದ್ದರು. ಅತ್ತೆ ಹೋಗಿ ಅವಳ ಮುಂದೆ ಬಗ್ಗಿ ಮುಖವನ್ನು ಹತ್ತಿರ, ಇನ್ನೂ ಹತ್ತಿರ ತಂದರು. ತಂಗಿ ಎರಡೂ ಕೈಯಿಂದ ಆ ಮುಖ ಹಿಡಿದು, ಬೆಳಕಿಗೆ ತಿರುಗಿಸಿ, ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿದಳು.

"ನೀಲಿ ಹಾಕ್ಕೊಂಡಿದ್ದೀಯ. ಅಕ್ಕ, ಮೂಗು ಮಾತ್ರ ಇನ್ನೂ ಹಾಗೇ ಇದೆ ಕಣೇ, ಜಗಳಗಂಟಿ ಮೂಗು" ಅಂದಳು. ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ದಬ್ಬಣದಕ್ಕ ಗೇಟಿನ ಹತ್ತಿರವೇ ನಿಂತು ಏಪ್ರನ್ ಇಲ್ಲದ್ದಕ್ಕೆ ಅಂಗೈಯಲ್ಲೇ ಕಣ್ಣೊರೆಸಿಕೊಂಡಳು.

ಊಟವಾದ ಮೇಲೆ ಅತ್ತೆ ಯಾರ ಮಾತೂ ಕೇಳದೆ ತಂಗಿಯನ್ನು ಕೈಹಿಡಿದು ಕಾರಿನ ಹತ್ತಿರ ಕರೆತಂದರು. ಹಿಂದಿನ ಸೀಟಿನಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತು, ಒಂದೇ ಬೆರಳಿನಿಂದ ಬಾಗಿಲು ಎಳೆದುಕೊಂಡರು. ಮುಂದಿನ ಗಾಜು ಅರ್ಧ ಇಳಿದಿತ್ತು, ಅತ್ತೆ ಮಗನಿಗೆ ಸನ್ನೆ ಮಾಡಿ ಅದನ್ನೂ ಮೇಲೆ ಹಾಕಿಸಿದರು. ಬಾಗಿಲು ತೆರೆದು ಮತ್ತೊಮ್ಮೆ ಹಾಕಿದರು. ಬಂಪರಿನ ಕೆಳಗಿದ್ದ ಒಂದು ಒಣ ಎಲೆ ಹಾರಿ ದಬ್ಬಣದಕ್ಕನ ಕಾಲ ಬಳಿ ಬಂತು.

ಗಾಜಿನ ಆಚೆಯಿಂದ ಅತ್ತೆಯ ಮಾತು ಸಣ್ಣಗೆ ಕೇಳಿಸಿತು. ಕಿವಿ ಮಂದವಾದವರು ಮಾತಾಡುವುದೇ ಜೋರಾಗಿ ತಾನೆ.

"ಕಿವಿಗೆ ಏನಾದ್ರೂ ಅನ್ನಿಸ್ತಾ?"

"ಏನೂ ಇಲ್ವಲ್ಲೇ. ಯಾಕೆ?"

"ಧೂಳೂ ಇಲ್ಲ, ಸದ್ದೂ ಇಲ್ಲ, ನೋಡು. ಇಂಥ ಕಾರು ಕಂಪನಿಯವರಿಗೂ ಮಾಡೋಕೆ ಬರಲ್ಲ" ಎಂದರು ಅತ್ತೆ, ಸೀಟಿನ ಹೊಲಿಗೆಯ ಮೇಲೆ ತಂಗಿಯ ಬೆರಳು ಹಿಡಿದು ಆಡಿಸುತ್ತಾ. "ನನ್ನ ಸೊಸೆ ಹೊಲಿದಿದ್ದು."