ಖಾಜಾಬಿ ಕಾಕು ಹಿಡಿದ ಮೂಗುಗಳು

ಇಳಕಲ್ಲಿನ ನಮ್ಮ ಓಣಿಯಲ್ಲಿ ಖಾಜಾಬಿ ಕಾಕು ಹಿಡಿಯದ ಮೂಗಿರಲಿಲ್ಲ. ಬೇಸಿಗೆ ಬಂತೆಂದರೆ ಯಾರದಾದರೂ ಮೂಗಿನಿಂದ ರಕ್ತ ಸೋರುವುದು ಇದ್ದದ್ದೇ. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಸಿಸುತ್ತಿದ್ದರು, ಇನ್ನೊಬ್ಬರು ತಲೆ ಹಿಂದಕ್ಕೆ ಬಾಗಿಸಿ ನೀರು ಸುರಿಯುತ್ತಿದ್ದರು. ಅಷ್ಟರಲ್ಲಿ ಎದುರು ಮನೆಯಿಂದ ಕಾಕು ಬರುತ್ತಿದ್ದಳು. ಬಂದವಳೇ ಎಲ್ಲರನ್ನೂ ಸರಿಸಿ, ರೋಗಿಯನ್ನು ಕಟ್ಟೆಯ ಮೇಲೆ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಅದುಮಿ ಹಿಡಿಯುತ್ತಿದ್ದಳು. ಜೀವಮಾನವೆಲ್ಲ ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಬೆರಳುಗಳು. ಹಿಡಿದರೆ ಮುಗಿಯಿತು.

“ಬಾಯಿಲೆ ಉಸರು ತಗೋ. ಮಾತಾಡಬ್ಯಾಡ. ನೆತ್ತರ ಬಾಯಿಗಿ ಬಂದ್ರ ನುಂಗಬ್ಯಾಡ, ಉಗಳು.”

ಯಾವುದೋ ದವಾಖಾನೆಯಲ್ಲಿ ಡಾಕ್ಟರೊಬ್ಬರು ಹೇಳಿಕೊಟ್ಟ ವಿದ್ಯೆಯಂತೆ. ಎಷ್ಟು ಹೊತ್ತು ಹಿಡಿಯಬೇಕೆಂದೂ ಹೇಳಿದ್ದರು. ಆದರೆ ಕಾಕುವಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅದಕ್ಕೆ ಆಕೆ ತನ್ನ ತಂಗಿಯ ಲಗ್ನಕ್ಕೆ ಬಾಗಲಕೋಟೆಗೆ ಹೋದ ಕಥೆ ಹೇಳುತ್ತಿದ್ದಳು. ಕಥೆಯ ಬಸ್ಸು ಇಳಕಲ್ ಸ್ಟ್ಯಾಂಡಿನಿಂದ ಹೊರಡುತ್ತಿತ್ತು. ಹುನಗುಂದದಲ್ಲಿ ಕಂಡಕ್ಟರನ ಜೊತೆ ಜಗಳ, ಅಮೀನಗಡದಲ್ಲಿ ಕರದಂಟು ಖರೀದಿ. ಸಣ್ಣಪುಟ್ಟ ಮೂಗುಗಳು ಅಮೀನಗಡದಲ್ಲೇ ನಿಲ್ಲುತ್ತಿದ್ದವು. ಹಟಮಾರಿ ಮೂಗಿಗೆ ಬಾಗಲಕೋಟೆವರೆಗೂ ಟಿಕೀಟು. ನಿಂತಿತೇ ಎಂದು ನಡುವೆ ಕೈ ತೆಗೆಸಿ ನೋಡುವ ಹಾಗಿರಲಿಲ್ಲ.

“ನಡುವ ಬಿಟ್ಟಿ ಅಂದ್ರ ಬಸ್ಸು ತಿರುಗಿ ಇಳಕಲ್ಲಿಗೇ ಬರ್ತೈತಿ ನೋಡು.”

ಖರೇನೇ ಬರುತ್ತಿತ್ತು. ಕಂಡಕ್ಟರನ ಜಗಳವನ್ನು ಮೊದಲಿನಿಂದ ಕೇಳಬೇಕಾಗುತ್ತಿತ್ತು.

ಈ ಚಿಕಿತ್ಸೆಯ ಇನ್ನೊಂದು ಗುಣವನ್ನು ಆ ಡಾಕ್ಟರು ಹೇಳಿರಲಿಕ್ಕಿಲ್ಲ. ಮೂಗು ಹಿಡಿಸಿಕೊಂಡವರು ಎದುರು ಮಾತಾಡುವಂತಿಲ್ಲ. ಸೊಸೆಯನ್ನು ಕಾಡುವ ಅತ್ತೆಯಂದಿರು, ಕುಡಿದು ಬರುವ ಗಂಡಂದಿರು ಎಲ್ಲರೂ ಬಾಯಿ ತೆರೆದುಕೊಂಡು ಕಾಕುವಿನ ಬುದ್ಧಿಮಾತು ಕೇಳಿ ಎದ್ದು ಹೋದವರೇ.

ನನ್ನ ಪಿಯುಸಿ ಮುಗಿದಾಗ ನನಗೆ ಬಾಗಲಕೋಟೆಯಲ್ಲಿ ನರ್ಸಿಂಗ್ ಓದಬೇಕಿತ್ತು. ಅಪ್ಪನಿಗೆ ನನ್ನನ್ನು ಮರೋಳದ ವರನಿಗೆ ಕೊಡಬೇಕಿತ್ತು. ನನ್ನ ಅಳು, ಉಪವಾಸ, ಅವ್ವನ ಶಿಫಾರಸು ಯಾವುದೂ ನಡೆಯಲಿಲ್ಲ. ವರನ ಕಡೆಯವರು ಬರುವ ಹಿಂದಿನ ದಿನ, ಮಗ್ಗದ ಮುಂದೆ ಕೂತಿದ್ದ ಅಪ್ಪನ ಮೂಗು ಸೋರತೊಡಗಿತು. ಅಪ್ಪ ಮೊದಲು ನೇಯುತ್ತಿದ್ದ ಸೀರೆ ಉಳಿಸಿದ, ಆಮೇಲೆ ಮೂಗು ಮುಚ್ಚಿಕೊಂಡ.

ಅವ್ವ ಉಳ್ಳಾಗಡ್ಡಿ ಹಿಡಿದು ನಿಂತಳು. ಕಾಕು ಮೂಗು ಹಿಡಿದಳು. ಹುನಗುಂದ ದಾಟಿತು, ಅಮೀನಗಡ ದಾಟಿತು. ಬಸ್ಸು ಬಾಗಲಕೋಟೆ ಮುಟ್ಟಿ ಎಲ್ಲರೂ ಇಳಿದರೂ ಕಾಕು ಕೈ ತೆಗೆಯಲಿಲ್ಲ.

“ತಮ್ಮಾ ಈರಣ್ಣಾ, ಈ ಊರಾಗ ನರ್ಸಿಂಗ್ ಕಾಲೇಜ್ ಐತಿ. ನಿನ್ನ ಮಗಳು ಅಲ್ಲಿ ಓದ್ತೇನಿ ಅಂತಾಳ. ಓದಿ ಬರೂದ್ರಾಗ ಲಗ್ನ ಏನ್ ಓಡಿ ಹೋಗ್ತೈತಿ? ಹೂಂ ಅನ್ನಂಗಿದ್ರ ಸುಮ್ಮ ಕುಂಡ್ರು. ಬ್ಯಾಡ ಅನ್ನಂಗಿದ್ರ ತಲಿ ಅಲ್ಲಾಡಸು.”

ಮೂಗು ಕಾಕುವಿನ ಕೈಯಲ್ಲಿದ್ದಾಗ ತಲೆ ಅಲ್ಲಾಡಿಸುವುದು ಯಾರಿಂದಲೂ ಆಗದ ಕೆಲಸ. ಅಪ್ಪ ಸುಮ್ಮನೆ ಕೂತ.

“ಒಪ್ಪಿದಾ ನೋಡ್ರಿ!” ಎಂದು ಓಣಿಗೆಲ್ಲ ಕೇಳುವಂತೆ ಸಾರಿ ಕಾಕು ಕೈ ಬಿಟ್ಟಳು. ಅಪ್ಪ ಕೆಂಪಗಾದ ಮೂಗನ್ನು ಮುಟ್ಟಿ ನೋಡಿಕೊಂಡ. ಈಗ ಸಿಡಿಯುತ್ತಾನೆಂದು ನಾನು ಅವ್ವನ ಹಿಂದೆ ಸರಿದೆ. ಅಪ್ಪ ನನ್ನ ಕಡೆ ತಿರುಗಿ ಕೇಳಿದ: “ಹಾಸ್ಟೆಲ್‌ನ್ಯಾಗ ರೊಟ್ಟಿ ಕೊಡ್ತಾರೇನು?”

ನಾನು ನರ್ಸಾಗಿ ಒಮ್ಮೆ ರಜೆಗೆ ಬಂದಾಗ ಕಾಕುವಿನ ಮೂಗೇ ಸೋರಿತು. ಬಿಪಿ ಗುಳಿಗೆಯನ್ನು ಆಕೆ ಮನಸ್ಸು ಬಂದಾಗ ಮಾತ್ರ ನುಂಗುತ್ತಿದ್ದಳು. ನಾನು ಮೂಗು ಹಿಡಿದು ಬಸ್ಸು ಬಿಟ್ಟೆ. ಬಾಗಲಕೋಟೆ ಬಂದರೂ ರಕ್ತ ನಿಲ್ಲಲಿಲ್ಲ. ಬಸ್ಸನ್ನು ಇನ್ನೂ ಮುಂದೆ ಕಲಾದಗಿಗೆ ಒಯ್ದೆ. ತನ್ನ ಬಸ್ಸು ಎಂದೂ ಕಲಾದಗಿಗೆ ಹೋಗಿಲ್ಲವೆಂದು ಕಾಕು ಕೈಯಾಡಿಸಿ ತಕರಾರು ಮಾಡಿದಳು. ಬಾಯಿ ಕಟ್ಟಿದ ಕಾಕು ಮತ್ತೆಲ್ಲಿ ಸಿಗಬೇಕು? ಹೇಳಿಬಿಟ್ಟೆ.

“ಅವತ್ತ ನೀ ಅಪ್ಪನ ಮೂಗು ಬಿಟ್ಟಿದ್ರ ನಾ ನರ್ಸ್ ಆಗ್ತಿರಲಿಲ್ಲ ಕಾಕು. ನಿನ್ನ ಮ್ಯಾಲ ನನಗ ಭಾಳ ಜೀವ ಐತಿ.”

ಆಕೆಯ ಕಣ್ಣು ತುಂಬಿದವು. ರಕ್ತ ನಿಂತು ನಾನು ಕೈ ತೆಗೆದದ್ದೇ ತಡ, “ಅತ್ತಿಲ್ಲ ನಾ. ಮೂಗು ಹಿಡದ್ರ ಕಣ್ಣಾಗ ನೀರು ಬರ್ತಾವ,” ಎಂದಳು.

ಅವತ್ತೇ ದವಾಖಾನೆಗೆ ಕರೆದೊಯ್ದು ತೋರಿಸಿದೆ. ಅದೇ ಕೊನೆಯ ಭೇಟಿ. ರಂಜಾನ್ ಮುಗಿದ ಮೇಲೆ ಒಂದು ದಿನ, ಮಲಗಿದಲ್ಲೇ ಹೋದಳೆಂದು ಅವ್ವ ಫೋನ್ ಮಾಡಿದಳು. ವಾರ್ಡಿನ ಮೂಲೆಯಲ್ಲಿ ನಿಂತು ಅತ್ತೆ. ನನ್ನ ಮೂಗನ್ನು ಯಾರೂ ಹಿಡಿದಿರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಪ್ಪನ ಫೋನು ಬಂತು. ದನಿ ಮೂಗಿನಲ್ಲಿ ಸಿಕ್ಕಿಕೊಂಡಿತ್ತು.

“ನೆತ್ತರ ಬರಾಕತ್ತೈತವ್ವಾ.”

“ಮುಂದ ಬಾಗಿ ಕುಂಡ್ರಪಾ. ಮೂಗು ಗಟ್ಟಿ ಹಿಡಕೋ.”

“ಹಿಡದೇನಿ. ಅಷ್ಟೂ ಗೊತ್ತಿಲ್ಲೇನು ನನಗ?”

“ಮತ್ತೇನ ಬೇಕು?”

ಅಪ್ಪ ಬಾಯಿಂದ ಉಸಿರೆಳೆದುಕೊಂಡ. “ಖಾಜಾಬಿ ಅಕ್ಕ ಇಲ್ಲಲ್ಲ. ಎಲ್ಲಿತನಕ ಹಿಡೀಬೇಕೋ ತಿಳೀವಲ್ದು. ನೀ ಬಸ್ಸು ಬಿಡು.”

“ಮಾತಾಡಬ್ಯಾಡ,” ಎಂದೆ. ಇಳಕಲ್ ಸ್ಟ್ಯಾಂಡಿನಿಂದ ಶುರು ಮಾಡಿದೆ.