ಒಂದನೇ ಚಾನೆಲ್ಲಿನ ಕೆಮ್ಮು

ಎದುರುಮನೆ ಯಜಮಾನರನ್ನು ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸಬೇಕು ಎನ್ನುವವರು ಮೊದಲು ತಮ್ಮ ವಾದ ಮಂಡಿಸಲಿ. ಖಂಡನೆಗೆ ನನಗೆ ಎರಡು ನಿಮಿಷ ಸಾಕು. ಶಿಕಾರಿಪುರದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಸಂತೆಯ ದಿನ ಅಪ್ಪ ಮತ್ತು ಯಜಮಾನರು ಒಟ್ಟಿಗೆ ಶಿರಾಳಕೊಪ್ಪಕ್ಕೆ ಹೋಗಿ, ಜೋಡಿ ತಗೊಂಡರೆ ಕಡಿಮೆಗೆ ಕೊಡಬೇಕೆಂದು ಚೌಕಾಸಿ ಮಾಡಿ, ಗಲ್ಫಿನಿಂದ ಬಂದ ಎರಡು ಕಾರ್ಡ್‌ಲೆಸ್ ಫೋನು ತಂದರು. ಒಂದೇ ಕಂಪನಿ, ಒಂದೇ ಬಣ್ಣ. ಟೆಲಿಫೋನ್ ತಂತಿ ಸಿಕ್ಕಿಸಿದ ಪೆಟ್ಟಿಗೆ ಟಿವಿ ಪಕ್ಕದಲ್ಲಿ ಕೂತಿರುತ್ತಿತ್ತು. ಏರಿಯಲ್ ಎಳೆದ ಹ್ಯಾಂಡ್‌ಸೆಟ್ ಹಿಡಿದು ಹಿತ್ತಿಲವರೆಗೂ ಹೋಗಿ ಮಾತಾಡಬಹುದಿತ್ತು. ಪೆಟ್ಟಿಗೆಯ ಮೇಲೆ ‘ಚಾನೆಲ್’ ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ಸಣ್ಣ ಗುಂಡಿ. ಪಕ್ಕದ ಕಿಂಡಿಯಲ್ಲಿ ಕೆಂಪು ಬೆಳಕಿನ ಅಂಕಿ: ಎರಡೂ ಫೋನಿನಲ್ಲಿ ಒಂದು.

“ಅದನ್ನ ಮಾತ್ರ ಮುಟ್ಟಬ್ಯಾಡ್ರಿ, ಲೈನ್ ಹೋಗ್ತತೆ” ಎಂದಿದ್ದನಂತೆ ಅಂಗಡಿಯವನು. ಅಪ್ಪ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಕತ್ತರಿಸಿ ಗುಂಡಿಗೂ ಅಂಕಿಗೂ ಸೇರಿಸಿ ಅಂಟಿಸಿಬಿಟ್ಟ. ಅದನ್ನು ನೋಡಿ ಯಜಮಾನರೂ ಅಂಟಿಸಿದರು. ಆಯುಧಪೂಜೆ ದಿನ ಎರಡೂ ಮನೆಯಲ್ಲಿ ವಿಭೂತಿ ಬಿದ್ದಿದ್ದು ಆ ಪ್ಲಾಸ್ಟರಿನ ಮೇಲೆಯೇ.

ಅದಾದ ಕೆಲವು ತಿಂಗಳಿಗೆ ಯಜಮಾನರಿಗೆ ‘ಹೊಳೆಯಲು’ ಶುರುವಾಯಿತು. ಮಂಡಿ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ, ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ನಮ್ಮ ಕಟ್ಟೆಗೆ ಬಂದು ಕೂತು ಕಣ್ಣು ಮುಚ್ಚುತ್ತಿದ್ದರು. “ನಿಮ್ಮನೆಗೆ ಈ ವಾರ ಹೆಣ್ಣುಮಗಳೊಬ್ಬಳು ಬರ್ತಾಳೆ” ಎನ್ನುವರು. ಬುಧವಾರ ಅತ್ತೆ ಬಸ್ಸಿಳಿಯುವಳು. “ಯಾರಿಗೋ ಹೊಟ್ಟಿ ನೋವು ಕಾಣ್ತತೆ.” ಚಿಕ್ಕಪ್ಪನಿಗೆ ಆಗಲೇ ಆಪರೇಷನ್ನಿನ ದಿನ ನಿಗದಿಯಾಗಿರುತ್ತಿತ್ತು. ಅಪ್ಪ ಕೈಮುಗಿಯುತ್ತಿದ್ದ. ಅವ್ವ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದಳು. ಓಣಿಯಲ್ಲಿ ಬೇರೆ ಯಾರ ಮನೆಯ ಭವಿಷ್ಯವೂ ಅವರಿಗೆ ಇಷ್ಟು ಚೆನ್ನಾಗಿ ಯಾಕೆ ಹೊಳೆಯುವುದಿಲ್ಲ ಎಂದು ನಾನು ಕೇಳಿದಾಗ, “ನಿಂದೊಂದು ಅಧಿಕಪ್ರಸಂಗ” ಎಂದು ನನ್ನನ್ನೇ ಒಳಗೆ ಕಳಿಸಿದರು.

ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಅಕ್ಕ ಬಿ.ಎಡ್. ಮುಗಿಸಿ ಕೂತಿದ್ದಳು. ಸೊರಬದ ಒಂದು ಖಾಸಗಿ ಶಾಲೆಗೆ ಟೀಚರ್ ಬೇಕಾಗಿದ್ದಾರೆ, ಶುಕ್ರವಾರ ಬಾ ಎಂದು ಅಲ್ಲಿದ್ದ ಅವಳ ಸಹಪಾಠಿ ಫೋನ್ ಮಾಡಿದಳು. ಮರುದಿನವೇ ಯಜಮಾನರು ಕಟ್ಟೆಗೆ ಬಂದು, “ತಂಗಿ, ಹೋದ್ರೂ ಆಗಲ್ಲ. ಈ ವರ್ಷ ನಿಂಗೆ ಹೊಸಿಲು ದಾಟೋ ಯೋಗ ಇಲ್ಲ” ಎಂದರು. ಅಕ್ಕ ಹೋದಳು. ಹಿಂದಿನ ದಿನವೇ ಬಂದು ಕೆಲಸ ಹಿಡಿದವಳು ಯಜಮಾನರ ತಮ್ಮನ ದೊಡ್ಡ ಮಗಳು!

“ಅವರ ಮನೆಯವಳಿಗೇ ಸಿಕ್ಕಿದೆ, ನೋಡಪ್ಪ” ಎಂದೆ.

“ಅವರಿಗೆ ಕಂಡಿತ್ತು, ಹೇಳಿದ್ರು. ಅದ್ರಾಗೇನು ತಪ್ಪು?” ಎಂದ ಅಪ್ಪ. “ಇನ್ನು ಈ ವರ್ಷ ಓಡಾಟ ಸಾಕು.”

ಅಕ್ಕ ಇಸ್ತ್ರಿ ಮಾಡಿದ ಸೀರೆ ಬಿಚ್ಚಿ, ಮಡಿಕೆ ಕೆಡದಂತೆ ಮಡಿಸಿಟ್ಟಳು. ಅವತ್ತು ನನ್ನೊಳಗೆ ಹತ್ತಿಕೊಂಡದ್ದು ಇವತ್ತಿಗೂ ಆರಿಲ್ಲ.

ಸಾಕ್ಷಿ ಸಿಕ್ಕಿದ್ದು ಒಂದು ಮಧ್ಯಾಹ್ನ. ಕಿಟಕಿ ಬಳಿ ನಿಂತು ಗೆಳತಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದೆ. ನಡುವೆ ಫೋನಿನೊಳಗೇ ಯಾರೋ ಕೆಮ್ಮಿದರು. ಎರಡು ಸಣ್ಣ, ಒಂದು ಉದ್ದ. ಓಣಿಯ ಯಾವ ಮಗುವೂ ಗುರುತಿಸುವ ಕೆಮ್ಮು. ತಲೆಯೆತ್ತಿದರೆ, ಎದುರುಮನೆ ಪಡಸಾಲೆಯಲ್ಲಿ ಯಜಮಾನರು ಹ್ಯಾಂಡ್‌ಸೆಟ್ ಕಿವಿಗೊತ್ತಿಕೊಂಡು ನಿಂತಿದ್ದಾರೆ, ಬಾಯಿ ಬಿಗಿ ಮುಚ್ಚಿದೆ. ನಾನು ಮಾತು ನಿಲ್ಲಿಸಿ ಫೋನ್ ಇಟ್ಟೆ. ಅವರೂ ಇಟ್ಟರು.

ಫೋನಿನ ಡಬ್ಬ ಅಟ್ಟದ ಮೇಲಿತ್ತು, ತಳದಲ್ಲಿ ಯಾರೂ ಬಿಡಿಸದ ಪುಸ್ತಕ. ಅದರಲ್ಲಿ ಇದ್ದದ್ದು ಗುಟ್ಟೇನಲ್ಲ. ಪೆಟ್ಟಿಗೆಗೂ ಹ್ಯಾಂಡ್‌ಸೆಟ್ಟಿಗೂ ನಡುವೆ ಮಾತು ಗಾಳಿಯಲ್ಲಿ ಹೋಗುತ್ತದೆ. ಹೋಗುವುದಕ್ಕೆ ಹತ್ತು ದಾರಿಗಳಿವೆ, ಅವೇ ಚಾನೆಲ್ಲುಗಳು. ಪಕ್ಕದಲ್ಲಿ ಇಂಥದೇ ಫೋನು ಅದೇ ಚಾನೆಲ್ಲಿನಲ್ಲಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬಹುದು, ಆದ್ದರಿಂದ ಬದಲಾಯಿಸಿಕೊಳ್ಳಿ. ಗುಂಡಿ ಒತ್ತಿ, ಹೊಸ ಅಂಕಿ ಬಂದ ಮೇಲೆ ಹ್ಯಾಂಡ್‌ಸೆಟ್ಟನ್ನು ಒಂದು ಕ್ಷಣ ಪೆಟ್ಟಿಗೆಯ ಮೇಲಿಡಿ. ಅಷ್ಟೇ. ದಿವ್ಯದೃಷ್ಟಿಗೆ ಬೇಕಾದ ತಪಸ್ಸು ಇನ್ನೂ ಸುಲಭ. ನಮ್ಮ ಫೋನು ರಿಂಗಾದರೆ ಓಣಿಗೆಲ್ಲ ಕೇಳುತ್ತಿತ್ತು. ಅದು ನಿಂತ ಕೂಡಲೇ ಅವರು ತಮ್ಮದನ್ನು ಎತ್ತಿದರೆ ಸಾಕಿತ್ತು.

ಪ್ಲಾಸ್ಟರನ್ನು ಉಗುರಿನಿಂದ ಎಬ್ಬಿಸಿ ಗುಂಡಿ ಒತ್ತಿದೆ. ಲೈನ್ ಹೋಗಲಿಲ್ಲ. ಆರಕ್ಕೆ ತಂದು ನಿಲ್ಲಿಸಿ, ಪ್ಲಾಸ್ಟರನ್ನು ಮೊದಲಿನಂತೆಯೇ ಅಂಟಿಸಿದೆ.

ಮುಂದಿನ ಸೋಮವಾರ ಅಕ್ಕನ ಸಹಪಾಠಿ ಮತ್ತೆ ಫೋನ್ ಮಾಡಿದಳು. “ಮಾರಾಯ್ತಿ, ಸೊರಬದಲ್ಲೇ ಇನ್ನೊಂದು ಶಾಲೆಯಲ್ಲಿ ಜಾಗ ಖಾಲಿ ಆಗಿದೆ. ಶನಿವಾರ ಬಾರೆ, ತಪ್ಪಿಸ್ಬೇಡ.” ಆರನೇ ಚಾನೆಲ್ಲಿನಲ್ಲಿ ಕೆಮ್ಮು ಇರಲಿಲ್ಲ. ಆದರೆ ಅಪ್ಪ ಒಪ್ಪಲಿಲ್ಲ. “ಯೋಗ ಇಲ್ಲ ಅಂದಾರಲ್ಲ. ಸುಮ್ನೆ ಯಾಕೆ ಮುಖ ಸಣ್ಣದು ಮಾಡ್ಕೊಂಡು ಬರೋದು?” ಕೆಮ್ಮಿನ ವಿಷಯ ಹೇಳಿದೆ. “ದೊಡ್ಡ ಮನುಷ್ಯರ ಮೇಲೆ ಹಂಗೆಲ್ಲ ಹೇಳಬಾರ್ದು” ಎಂದ.

ಶನಿವಾರದೊಳಗೆ ಅಪ್ಪನ ಕಣ್ಣೆದುರು ಯಜಮಾನರು ತಾವಾಗಿಯೇ ಬಿಚ್ಚಿಕೊಳ್ಳಬೇಕಿತ್ತು.

ಮಂಗಳವಾರ ಸಂಜೆ ಚಾನೆಲ್ಲನ್ನು ಒಂದಕ್ಕೆ ತಂದೆ. ಹೇಳಿಟ್ಟಂತೆ ಗೆಳತಿ ನಾಲ್ಕೂವರೆಗೆ ಫೋನ್ ಮಾಡಿ, ನಾನು ಬರೆದುಕೊಟ್ಟಿದ್ದನ್ನು ಓದಿದಳು. “ಜಡೆ ಊರಿನ ಬಸ್‌ಸ್ಟಾಂಡಿನ ಹಿಂದೆ ಹೊಸ ಶಾಲೆ ಆಗಿದೆಯಂತೆ. ಗುರುವಾರ ಹನ್ನೊಂದು ಗಂಟೆಗೆ ನಿಮ್ಮಕ್ಕನ್ನ ಕಳ್ಸು. ಮೊದಲು ಬಂದವರಿಗೆ ಕೆಲಸ ಅಂತೆ.” ಎರಡು ಸಣ್ಣ, ಒಂದು ಉದ್ದ. ನಗು ತಡೆಯಲು ನಾನು ಪರದೆಯ ಬಟ್ಟೆ ಕಚ್ಚಿಕೊಂಡೆ. ಗೆಳತಿ ಫೋನಿಟ್ಟ ಮೇಲೆ ಚಾನೆಲ್ ಮತ್ತೆ ಆರಕ್ಕೆ.

ಗುರುವಾರ ಐದು ಗಂಟೆಗೆ ಅಪ್ಪ ಕಟ್ಟೆಯ ಮೇಲಿದ್ದ, ಮಾರುಕಟ್ಟೆಯ ಇಬ್ಬರು ಸ್ನೇಹಿತರೂ ಇದ್ದರು. ಯಜಮಾನರು ಬಸ್‌ಸ್ಟಾಂಡಿನ ಕಡೆಯಿಂದ ಬಂದರು. ಹಿಂದೆ ಅವರ ತಮ್ಮನ ಕಿರಿಯ ಮಗಳು, ಬಾಡಿದ ಮಲ್ಲಿಗೆ, ಎದೆಗವುಚಿಕೊಂಡ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರು.

“ದೊಡ್ಡಪ್ಪ, ಬಹಳ ದಣಿದೀರಿ. ಎಲ್ಲಿಗೆ ಹೋಗಿದ್ರಿ?” ಎಂದೆ.

“ಜಡೆ ಕಡೆ ಒಂದ್ ಕೆಲಸ ಇತ್ತು.”

“ಶಾಲೆ ಸಿಕ್ತಾ?”

“ಯಾವ ಶಾಲೆ?”

ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ, ಪಾಪ. “ಅಲ್ಲಿ ಶಾಲೆನೇ ಇಲ್ಲಕ್ಕಾ. ಬಸ್‌ಸ್ಟಾಂಡ್ ಹಿಂದೆ ಹುಲ್ಲಿನ ಬಣವಿ ಐತೆ. ದೊಡ್ಡಪ್ಪ ಎರಡು ಸಲ ಸುತ್ತಿದ್ರು.”

ಅಪ್ಪನ ಸ್ನೇಹಿತರೊಬ್ಬರು ಪಕ್ಕನೆ ನಕ್ಕರು.

“ಅಲ್ಲಿ ಶಾಲೆ ಐತೆ ಅಂತ ನಿಮಗೆ ಹೇಳಿದ್ಯಾರು ದೊಡ್ಡಪ್ಪ?”

“ಯಾರೂ ಹೇಳಿಲ್ಲ. ನಂಗೆ... ಹೊಳೀತು.”

“ಆ ಶಾಲೆ ಹುಟ್ಟಿದ್ದು ನನ್ನ ನೋಟ್‌ಬುಕ್ಕಿನಾಗೆ. ಮಂಗಳವಾರ ನಮ್ಮ ಫೋನಿನಾಗೆ ಒಂದ್ಸಲ ಅದರ ಮಾತು ಬಂತು, ಅಷ್ಟೇ. ಈಗ ಎರಡೇ ದಾರಿ. ಒಂದೋ ನಿಮಗೆ ಹೊಳೆಯೋದು ಸುಳ್ಳು, ಇಲ್ಲಾ ನಮ್ಮ ಫೋನ್ ಕದ್ದು ಕೇಳಿದ್ದು ನಿಜ. ಯಾವುದು ಬೇಕೋ ಆರಿಸ್ಕೊಳ್ರಿ.”

ಅವರು ಬಾಯಿ ತೆರೆದರು, ಬಂದದ್ದು ಕೆಮ್ಮು. ಅಪ್ಪ ಅವರ ಮುಖವನ್ನೇ ನೋಡಿ, “ನೀವು ಮನಿಗೆ ಹೋಗ್ರಿ” ಎಂದ. ಆಮೇಲೆ ಒಳಗೆ ತಿರುಗಿ, ಅಕ್ಕನಿಗೆ ಕೇಳುವಂತೆ: “ಶನಿವಾರ ಎಷ್ಟೊತ್ತಿನ ಬಸ್ಸವ್ವ?”

ಗೆದ್ದೆ ಎಂದು ಒಳಗೆ ಓಡಿದರೆ ಅಕ್ಕ ಬಾಗಿಲಲ್ಲೇ ತಡೆದಳು. “ಆ ಹುಡುಗಿ ನಿಂಗೇನು ಮಾಡಿತ್ತೇ? ನನ್ನ ಹಂಗೇ ಇಸ್ತ್ರಿ ಸೀರೆ ಉಟ್ಕೊಂಡು ಹೋಗಿತ್ತು.” ಅದೊಂದಕ್ಕೆ ನನ್ನ ಹತ್ತಿರ ಖಂಡನೆ ಇಲ್ಲ. ಅದನ್ನೂ ಯಜಮಾನರ ಲೆಕ್ಕಕ್ಕೇ ಸೇರಿಸಿದ್ದೇನೆ.

ಅಕ್ಕನಿಗೆ ಆ ಕೆಲಸ ಸಿಕ್ಕಿತು. ಸೊರಬದಲ್ಲಿ ಸಹಪಾಠಿಯ ಜೊತೆ ರೂಮು ಮಾಡಿದಳು. ಮೊದಲ ದಿನದ ಪಾಠ ಮುಗಿಸಿ ಐದು ಗಂಟೆಗೆ ಬೂತಿನಿಂದ ಫೋನ್ ಮಾಡುತ್ತೇನೆ ಎಂದಿದ್ದಳು. ಐದಕ್ಕೆ ಐದು ನಿಮಿಷವಿರುವಾಗ ನಾನು ಪ್ಲಾಸ್ಟರ್ ಎತ್ತಿ ಗುಂಡಿ ಒತ್ತುತ್ತಾ ಹೋದೆ. ಯಜಮಾನರು ತಮ್ಮ ಪ್ಲಾಸ್ಟರನ್ನು ಕಿತ್ತಿರಲಿಲ್ಲ. ಚಾನೆಲ್ ಬದಲಿಸುವುದು ಹೇಗೆಂದು ನನ್ನನ್ನು ಕೇಳುವ ಮುಖ ಅವರಿಗಿರಲಿಲ್ಲ.

ಫೋನ್ ಬಂತು. ಅಕ್ಕ ಒಂದೇ ಉಸಿರಿಗೆ ಹೇಳಿದಳು: ಏಳನೇ ಕ್ಲಾಸು, ಐವತ್ತು ಮಕ್ಕಳು, ಸೀಮೆಸುಣ್ಣ ಕೈಯಲ್ಲೇ ಮುರಿದದ್ದು, ಹಿಂದಿನ ಬೆಂಚಿನವರು ಕೂಡ ಕೊನೆಗೆ ಸುಮ್ಮನಾದದ್ದು. ಮಧ್ಯದಲ್ಲಿ ಅನುಮಾನ ಬಂದು ಕೇಳಿದಳು, “ಲೇ, ಯಾವ ಚಾನೆಲ್ ಇಟ್ಟೀಯೇ?”

“ಒಂದು.”

“ಯಾಕೆ?”

ಕಿಟಕಿಯಾಚೆ ಪಡಸಾಲೆಯ ಕಂಬದ ಮರೆಯಲ್ಲಿ ಏರಿಯಲ್ಲಿನ ತುದಿ ಕಾಣಿಸುತ್ತಿತ್ತು. ಕಿವಿಯಲ್ಲಿ ಎರಡು ಸಣ್ಣ, ಒಂದು ಉದ್ದ.

“ಅಕ್ಕಾ,” ಎಂದೆ, “ಸರಿಯಾಗಿ ಕೇಳಲಿಲ್ಲ. ಮೊದಲಿಂದ ಹೇಳು, ಸ್ವಲ್ಪ ಜೋರಾಗಿ.”